ತೂಕ ಜಾಸ್ತಿ ಇದ್ದವಳಿಗೆ ಎಪಿಡ್ಯೂರಲ್: ಕೂರುವುದೇ ದೊಡ್ಡ ಕೆಲಸ

"ದಪ್ಪ ಇರೋರಿಗೆ ಬೆನ್ನಿಗೆ ಇಂಜೆಕ್ಷನ್ ಕೊಡೋಕಾಗಲ್ಲ." ಬಸುರಿಯಾಗಿದ್ದಾಗ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಪಕ್ಕದ ಮನೆಯವರು ಹೇಳಿದರು, ನೆಂಟರು ಹೇಳಿದರು. ನಾನು ಮೊದಲು ತೋರಿಸುತ್ತಿದ್ದ ಒಂದು ಕ್ಲಿನಿಕ್‌ನಲ್ಲೂ ಅದನ್ನೇ ಹೇಳಿದರು. ಅದೂ ನನ್ನ ಮುಖ ನೋಡದೆ, ಫೈಲ್ ಮೇಲೆ ಏನೋ ಗೀಚುತ್ತಾ, "ನಿಮ್ಮ ಬೆನ್ನಲ್ಲಿ ಸೂಜಿಗೆ ಜಾಗ ಸಿಗಲ್ಲ ಬಿಡಿ" ಅಂದರು. ಆವತ್ತು ಮನೆಗೆ ಬಂದು ತುಂಬಾ ಅತ್ತೆ.

ಅವರು ಹೇಳುತ್ತಿದ್ದದ್ದು ಎಪಿಡ್ಯೂರಲ್ ಬಗ್ಗೆ, ಅಂದರೆ ಹೆರಿಗೆ ನೋವು ತಡೆಯಲು ಬೆನ್ನಿಗೆ ಸೂಜಿ ಹಾಕಿ, ಸಣ್ಣ ನಳಿಕೆ ಇಟ್ಟು ಔಷಧಿ ಬಿಡುವುದು. ಆ ಮಾತು ನಿಜವಲ್ಲ. ಕೊಡಬಹುದು, ನನಗೆ ಕೊಟ್ಟರು. ಹೊತ್ತು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಮೊದಲೇ ತಯಾರಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕೂರುವ ಭಂಗಿ ಸರಿಯಾಗಿರಬೇಕು. ಈ ಕೂರುವ ವಿಷಯವನ್ನು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ತಗೊಂಡವರು "ಬಗ್ಗಿ ಕೂತ್ಕೊ ಅಂತಾರೆ, ಅಷ್ಟೇ" ಅಂದಿದ್ದರು. ತೂಕ ಇರುವವರಿಗೆ ಅದು ಅಷ್ಟೇ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಎತ್ತರ 155 ಸೆಂಟಿಮೀಟರ್. ಬಸುರಿಯಾಗುವ ಮುಂಚೆಯೇ ತೂಕ 94 ಕೆಜಿ. ಎತ್ತರಕ್ಕೆ ತೂಕ ಎಷ್ಟಿದೆ ಅಂತ ಅಳೆಯುವ ಬಿಎಂಐ ಲೆಕ್ಕದಲ್ಲಿ 39. ವಿಶ್ವ ಆರೋಗ್ಯ ಸಂಸ್ಥೆ 30 ದಾಟಿದರೆ ಬೊಜ್ಜು ಅನ್ನುತ್ತದೆ, ನಮ್ಮ ದೇಶದವರಿಗೆ 25ಕ್ಕೇ ಆ ಗೆರೆ ಎಳೆಯುತ್ತಾರೆ. ಈ ನಂಬರ್ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಡಾಕ್ಟರಿಗೆ ಅದು ಬೇಕು. ಸೂಜಿ ಎಷ್ಟು ಉದ್ದ ಇರಬೇಕು, ಬಿಪಿ ಪಟ್ಟಿ ಎಷ್ಟು ಅಗಲ ಇರಬೇಕು, ಎಷ್ಟು ಜನ ಜೊತೆಗಿರಬೇಕು, ಎಲ್ಲ ಆ ನಂಬರ್ ನೋಡಿ ಮೊದಲೇ ಅಂದಾಜು ಮಾಡಿಕೊಳ್ಳಬಹುದು.

ನಮ್ಮ ಮನೆ ತುಮಕೂರಿನ ಶಿರಾ ಗೇಟ್ ಕಡೆ. "ಸುಮ್ನೆ ಬೆಂಗಳೂರಿಗೆ ಹೋಗೋಣ" ಅಂತ ನಮ್ಮೆಜಮಾನರು ಹೇಳುತ್ತಲೇ ಇದ್ದರು. ನೋವು ಶುರುವಾದ ಮೇಲೆ 70 ಕಿಲೋಮೀಟರ್ ಕಾರಿನಲ್ಲಿ ಹೋಗುವುದು ನನಗೆ ಬೇಡವಾಗಿತ್ತು. ಊರಲ್ಲೇ ವಿಚಾರಿಸಿದೆವು. ನಾವು ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಹೊತ್ತಲ್ಲೂ ಅನಸ್ತೇಷಿಯಾ ಡಾಕ್ಟರ್, ಅಂದರೆ ಮರಗಟ್ಟಿಸುವ, ಪ್ರಜ್ಞೆ ತಪ್ಪಿಸುವ ಡಾಕ್ಟರ್ ಇರುತ್ತಾರಾ? ಎಪಿಡ್ಯೂರಲ್ ಹಾಕಿದ ಮೇಲೆ ಕೈ ತೊಳೆದುಕೊಂಡು ಹೋಗುವ ಕೆಲಸ ಅದಲ್ಲ. ಹೆರಿಗೆ ಮುಗಿಯುವ ತನಕ ನೋಡಿಕೊಳ್ಳುವವರು ಬೇಕು. ಇರುತ್ತಾರೆ ಅಂದ ಆಸ್ಪತ್ರೆಗೆ ಫೈಲ್ ಬದಲಾಯಿಸಿದೆವು.

ಅಲ್ಲಿ ಎಂಟನೇ ತಿಂಗಳಲ್ಲಿ ಅನಸ್ತೇಷಿಯಾ ಮೇಡಂ ಹತ್ತಿರ ಕಳಿಸಿದರು. ನೋವು ಬರುವ ಮೊದಲೇ ಯಾಕೆ ಇವರನ್ನು ನೋಡಬೇಕು ಅಂತ ನನಗೆ ಗೊತ್ತಾಗಲಿಲ್ಲ. ಅವರೇ ಹೇಳಿದರು. "ನೋಡಮ್ಮ, ನಿನಗೆ ಎಪಿಡ್ಯೂರಲ್ ಬೇಗ ಹಾಕಿಸ್ಕೊಳ್ಳೋದು ಒಳ್ಳೇದು. ನೋವು ತಡೆಯೋದಕ್ಕೆ ಮಾತ್ರ ಅಲ್ಲ. ಮಧ್ಯದಲ್ಲಿ ಸಿಸೇರಿಯನ್ ಬೇಕಾಯ್ತು ಅಂದ್ರೆ ಅದೇ ನಳಿಕೆಯಲ್ಲಿ ಔಷಧಿ ಜಾಸ್ತಿ ಕೊಟ್ಟು ಮಾಡಬಹುದು. ಇಲ್ಲಾಂದ್ರೆ ಪೂರ್ತಿ ಪ್ರಜ್ಞೆ ತಪ್ಪಿಸಿ, ಗಂಟಲಿಗೆ ಪೈಪ್ ಹಾಕಬೇಕಾಗಿ ಬರಬಹುದು. ತೂಕ ಇರೋ ಬಸುರಿಯರಿಗೆ ಅದು ಕಷ್ಟದ ಕೆಲಸ." ಬಾಯಿ ತೆಗೆಸಿ, ಕತ್ತು ಹಿಂದಕ್ಕೆ ಬಾಗಿಸಿ ನೋಡಿದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ರಿಪೋರ್ಟ್ ನೋಡಿದರು. ರಕ್ತ ತೆಳುವಾಗುವ ಇಂಜೆಕ್ಷನ್ ಏನಾದರೂ ತಗೋತಿದ್ದೀಯಾ ಅಂತ ಕೇಳಿದರು.

ಆಮೇಲೆ ಬೆನ್ನು ನೋಡಬೇಕು ಅಂದರು. ಪರೀಕ್ಷೆ ಮಾಡುವ ಮಂಚದ ಮೇಲೆ ಕೂರಿಸಿ, ಬೆನ್ನ ಮೇಲೆ ಬೆರಳಾಡಿಸಿದರು. ಸಾಮಾನ್ಯವಾಗಿ ಸೊಂಟದ ಎರಡೂ ಕಡೆಯ ಮೂಳೆಯ ತುದಿ ಮುಟ್ಟಿ, ಅಲ್ಲಿಂದ ಅಡ್ಡ ಗೆರೆ ಅಂದಾಜು ಮಾಡಿ, ಯಾವ ಎರಡು ಮೂಳೆಗಳ ನಡುವೆ ಸೂಜಿ ಹಾಕಬೇಕು ಅಂತ ಗೊತ್ತುಮಾಡಿಕೊಳ್ಳುತ್ತಾರಂತೆ. ನನ್ನ ಬೆನ್ನಲ್ಲಿ ಆ ಮೂಳೆಗಳು ಬೆರಳಿಗೆ ಸಿಗುತ್ತಿರಲಿಲ್ಲ. ಅಂದಾಜಿನ ಮೇಲೆ ಹೋದರೆ ಅಂದುಕೊಂಡಿದ್ದಕ್ಕಿಂತ ಮೇಲಿನ ಸಂದಿಗೆ ಹೋಗುವ ಸಾಧ್ಯತೆ ಇರುತ್ತದೆ. ಅದಕ್ಕೆ ಅವರು ಕತ್ತಿನ ಬುಡದಲ್ಲಿ ಉಬ್ಬಿರುವ ಮೂಳೆಯನ್ನು ಮುಟ್ಟಿದರು, ಕೆಳಗೆ ಪೃಷ್ಠದ ಸೀಳು ಶುರುವಾಗುವ ಜಾಗವನ್ನು ನೋಡಿದರು. ಈ ಎರಡನ್ನೂ ಕೂಡಿಸಿ ಒಂದು ನೇರ ಗೆರೆ ಎಳೆದರೆ ನಡುಬೆನ್ನು ಸಿಗುತ್ತದೆ. "ಆದರೆ ನೀನು ನೆಟ್ಟಗೆ ಕೂತಿದ್ರೆ ಮಾತ್ರ" ಅಂದರು.

ಮಲಗಿಕೊಂಡು ಹಾಕಿಸಿಕೊಳ್ಳಬಹುದಾ ಅಂತ ಕೇಳಿದೆ. ಕೆಲವರಿಗೆ ಹಾಗೂ ಹಾಕುತ್ತಾರಂತೆ. ನನ್ನಂಥವರಿಗೆ ಕೂರುವುದೇ ವಾಸಿ ಅಂದರು, ಕಾರಣವನ್ನೂ ಹೇಳಿದರು. ಪಕ್ಕಕ್ಕೆ ಮಲಗಿದರೆ ಬೆನ್ನಿನ ಮೇಲಿನ ಕೊಬ್ಬು ಕೆಳಗೆ ಜಾರುತ್ತದೆ. ಚರ್ಮದ ಮೇಲೆ ಕಾಣುವ ನಡುಗೆರೆ ಒಂದು ಕಡೆ, ಒಳಗಿನ ಮೂಳೆ ಇನ್ನೊಂದು ಕಡೆ ಆಗಿಬಿಡುತ್ತದೆ. ಸೂಜಿ ದಾರಿ ತಪ್ಪುವ ಸಾಧ್ಯತೆ ಜಾಸ್ತಿ. ಕೂತರೆ ಎರಡೂ ಕಡೆ ಸಮ ತೂಗುತ್ತದೆ. ಚರ್ಮದಿಂದ ಒಳಗಿನ ಜಾಗಕ್ಕೆ ಇರುವ ದೂರವೂ ಕೂತಾಗ ಸ್ವಲ್ಪ ಕಮ್ಮಿ.

ಹೇಗೆ ಕೂರಬೇಕು ಅನ್ನುವುದನ್ನು ಅವರೇ ಕೂತು ತೋರಿಸಿದರು. ಮೊದಲ ಸಲ ನಾನು ಬಗ್ಗಿದಾಗ ಸೊಂಟದಿಂದ ಮುಂದಕ್ಕೆ ಬಾಗಿದ್ದೆ, ಹೊಟ್ಟೆ ತೊಡೆಗೆ ತಾಗಿ ಅಲ್ಲೇ ನಿಂತಿತು. ಬೆನ್ನು ಮಾತ್ರ ಹಲಗೆ ಹಾಗೇ ಇತ್ತು. "ಮುಂದಕ್ಕೆ ಬೀಳಬೇಡ. ಸೊಂಟ ಹಿಂದಕ್ಕೆ ತಳ್ಳು. ಮೊರ ಇಟ್ಕೊಂಡು ಅಕ್ಕಿ ಆರಿಸ್ತಾ ಜಾಸ್ತಿ ಹೊತ್ತು ಕೂತಾಗ ಬೆನ್ನು ಹಿಂದಕ್ಕೆ ಉಬ್ಬುತ್ತಲ್ಲ, ಹಾಗೆ" ಅಂದರು. ತಕ್ಷಣ ಅರ್ಥವಾಯಿತು. ಹಾಗೆ ಉಬ್ಬಿದಾಗಲೇ ಮೂಳೆಗಳ ನಡುವಿನ ಸಂದಿ ತೆರೆಯುವುದು. ಹೊಟ್ಟೆ ದೊಡ್ಡದಿದ್ದರೆ ಎದೆಯನ್ನು ಮೊಣಕಾಲಿಗೆ ತರುವುದಕ್ಕೆ ಆಗುವುದಿಲ್ಲ, ತರಲೂ ಬೇಕಿಲ್ಲ. ಬೇಕಾಗಿರುವುದು ಕೆಳಬೆನ್ನಿನ ಉಬ್ಬು ಮಾತ್ರ.

ಚಕ್ಕಳಮಕ್ಕಳ ಹಾಕಿ ಕೂತರೆ ಹೇಗೆ ಅಂತಲೂ ಕೇಳಿದೆ, ನಮಗೆ ಅದೇ ಅಭ್ಯಾಸ ಅಲ್ವಾ. ಕೆಲವರಿಗೆ ಅದು ಚೆನ್ನಾಗಿ ಆಗುತ್ತದೆ ಅಂದರು. ನಾನು ಕೂತು ನೋಡಿದೆ. ತೊಡೆ ದಪ್ಪ ಇರುವುದರಿಂದ ಹೊಟ್ಟೆಗೆ ಜಾಗ ಸಾಲಲಿಲ್ಲ, ಉಸಿರು ಕಟ್ಟಿದ ಹಾಗಾಯಿತು. ಕಾಲು ಇಳಿಬಿಟ್ಟು, ಪಾದಕ್ಕೆ ಸ್ಟೂಲ್ ಕೊಡುವುದೇ ನನಗೆ ಸರಿ ಅಂತ ತೀರ್ಮಾನವಾಯಿತು. ಮನೆಯಲ್ಲಿ ನಮ್ಮ ನಾದಿನಿಯನ್ನು ಎದುರಿಗೆ ನಿಲ್ಲಿಸಿಕೊಂಡು ಆಗಾಗ ಅಭ್ಯಾಸ ಮಾಡುತ್ತಿದ್ದೆ. ಮಣೆ ಮೇಲೆ ಕಾಲಿಟ್ಟು, ದಿಂಬು ಅಪ್ಪಿಕೊಂಡು, ಅವಳ ಭುಜಕ್ಕೆ ಹಣೆ ಕೊಟ್ಟು.

ಅತ್ತೆಗೆ ಇದೆಲ್ಲ ಇಷ್ಟವಿರಲಿಲ್ಲ. ಗುಬ್ಬಿಯಲ್ಲಿ ಮನೆಯಲ್ಲೇ ಮಕ್ಕಳನ್ನು ಹೆತ್ತವರು ಅವರು. "ಈ ಹೊಸ ಹೊಸ ಇಂಜೆಕ್ಷನ್ ಎಲ್ಲ ಯಾಕಮ್ಮ, ಜೀವನಪೂರ್ತಿ ಬೆನ್ನು ನೋಯುತ್ತೆ" ಅನ್ನುತ್ತಿದ್ದರು. ಸ್ಪೇನ್ ದೇಶದ ಫಿಡೆಲ್ ಪಜೆಸ್ ಅನ್ನುವ ಮಿಲಿಟರಿ ಡಾಕ್ಟರ್ ಈ ವಿಧಾನದ ಬಗ್ಗೆ ಬರೆದದ್ದು 1921ರಲ್ಲಿ, ನೂರು ವರ್ಷ ಆಯಿತು ಅಂತ ಅವರಿಗೆ ಹೇಳಿದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆದರೆ ವರ್ಷಗಟ್ಟಲೆ ಬೆನ್ನುನೋವು ಇದರಿಂದ ಬರುವುದಿಲ್ಲ ಅಂತ ಮೇಡಂ ಹೇಳಿದ್ದನ್ನೂ ಹೇಳಿದೆ. ನೂರರಲ್ಲಿ ಒಬ್ಬರಿಗೆ ಜೋರು ತಲೆನೋವು ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ತೂಕ ಇರುವವರಲ್ಲಿ ನಳಿಕೆ ಸರಿಯಾಗಿ ಕೂರದೆ ಮತ್ತೆ ಹಾಕಬೇಕಾಗಿ ಬರುವುದು ಉಳಿದವರಿಗಿಂತ ಜಾಸ್ತಿ. ಇದನ್ನು ಮೇಡಂ ಮುಚ್ಚಿಡಲಿಲ್ಲ, ನಾನೂ ಅತ್ತೆಗೆ ಮುಚ್ಚಿಡಲಿಲ್ಲ. ಅತ್ತೆ ಕೊನೆಗೆ "ನೋಯೋದು ನಿನಗೆ, ನಿನ್ನಿಷ್ಟ ಕಣಮ್ಮ" ಅಂದರು. ಆ ಮಾತು ನನಗೆ ಸಾಕಾಗಿತ್ತು.

ನೋವು ಶುರುವಾಗಿದ್ದು ಒಂದು ರಾತ್ರಿ. ಆಸ್ಪತ್ರೆಗೆ ಹೋದ ತಕ್ಷಣ ಎಪಿಡ್ಯೂರಲ್ ಬೇಕು ಅಂತ ಬರೆಸಿದೆವು. ಕೈಯಲ್ಲಿ ನರ ಸಿಗುವುದು ತಡವಾಯಿತು. ಬಿಪಿ ಪಟ್ಟಿ ಮೊದಲು ಮಾಮೂಲಿಯದು ಹಾಕಿದ್ದರು, ಸಿಸ್ಟರ್ ಅದನ್ನು ತೆಗೆದು ದೊಡ್ಡದು ತಂದರು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಇಲ್ಲದ ಕಾಯಿಲೆಗೆ ಮಾತ್ರೆ ಕೊಡುವ ಹಾಗಾಗುತ್ತದೆ. ದಪ್ಪ ತೋಳಿನವರು ಇದನ್ನು ಎಲ್ಲಿ ಹೋದರೂ ಕೇಳಿ ಪಡೆಯಬೇಕು.

ಮೇಡಂ ಬಂದಾಗ ನೋವು ಹತ್ತಿರ ಹತ್ತಿರ ಬರುತ್ತಿತ್ತು. ಅವರು ಸೂಜಿ ತೆಗೆಯುವ ಮೊದಲು ನನ್ನನ್ನು ಕೂರಿಸುವುದಕ್ಕೇ ತುಂಬಾ ಹೊತ್ತು ತೆಗೆದುಕೊಂಡರು. ಆಗ ನನಗೆ ತಾಳ್ಮೆ ತಪ್ಪುತ್ತಿತ್ತು. ಈಗ ಯೋಚಿಸಿದರೆ ಆ ಹೊತ್ತೇ ಎಲ್ಲವನ್ನೂ ಕಾಪಾಡಿತು ಅನ್ನಿಸುತ್ತದೆ.

ಹೆರಿಗೆ ಮಂಚ ಎರಡು ಭಾಗವಾಗಿರುತ್ತದೆ, ಕಾಲಿನ ಕಡೆಯದು ಬೇರೆ. ಆ ಕೂಡುವ ಜಾಗದ ಮೇಲೆ ಕೂತರೆ ಒಂದು ಕಡೆ ತಗ್ಗುತ್ತದೆ. ಹಾಸಿಗೆ ಮೆತ್ತಗಿದ್ದರೂ ಹಾಗೇ, ನನ್ನ ಭಾರಕ್ಕೆ ಕುಸಿದು ಸೊಂಟ ವಾಲುತ್ತದೆ. ಮೇಡಂ ನನ್ನನ್ನು ಅಲ್ಲಿಂದ ಸರಿಸಿ ಗಟ್ಟಿ ಜಾಗಕ್ಕೆ ಕೂರಿಸಿದರು. ಮಂಚದ ಅಂಚು ಮೊಣಕಾಲಿನ ಹಿಂಭಾಗಕ್ಕೆ ತಾಗುವಷ್ಟು ಹಿಂದಕ್ಕೆ ಜರುಗಿಸಿದರು. ಎರಡೂ ಪೃಷ್ಠದ ಮೇಲೆ ಭಾರ ಸಮ ಇದೆಯಾ ಅಂತ ನನ್ನನ್ನೇ ಕೇಳಿದರು. ಎಡಕ್ಕೆ ಜಾಸ್ತಿ ಅನ್ನಿಸಿತು, ಹೇಳಿದೆ. ಮಡಿಚಿದ ಬಟ್ಟೆಯೊಂದನ್ನು ಆ ಕಡೆ ಅಡಿಗೆ ಕೊಟ್ಟರು. ಸ್ಟೂಲ್ ಸ್ವಲ್ಪ ಎತ್ತರದ್ದು ಬೇಕು ಅಂದರು, ಆಯಮ್ಮ ಬೇರೆ ತಂದರು. ಮೊಣಕಾಲು ಸೊಂಟಕ್ಕಿಂತ ಒಂಚೂರು ಮೇಲೆ ಬಂದ ಕೂಡಲೇ ಕೆಳಬೆನ್ನು ತಾನೇ ಹಿಂದಕ್ಕೆ ಹೋಯಿತು. ನಾನೇನೂ ಮಾಡಬೇಕಾಗಲಿಲ್ಲ.

ದಿಂಬು ತೊಡೆಯ ಮೇಲೆ. ಸಿಸ್ಟರ್ ಎದುರಿಗೆ ಬಂದು ನಿಂತರು. "ಅಕ್ಕ, ನನ್ನ ಭುಜದ ಮೇಲೆ ತಲೆ ಇಡಿ, ಭಾರ ಎಲ್ಲ ಬಿಡಿ, ನಾನು ಬೀಳಲ್ಲ" ಅಂದರು. ವಯಸ್ಸಿನಲ್ಲಿ ಚಿಕ್ಕವರು, ತೆಳ್ಳಗಿದ್ದರು. ನಾನು ಹಿಂಜರಿದೆ. ಅವರು ಕಾಲು ಅಗಲಿಸಿ ಗಟ್ಟಿಯಾಗಿ ನಿಂತು ನನ್ನ ಎರಡೂ ಭುಜ ಹಿಡಿದು ಕೆಳಕ್ಕೆ ಇಳಿಸಿದರು. ನೋವಿಗೆ ಭುಜ ಕಿವಿಯ ತನಕ ಏರಿಬಿಟ್ಟಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಇನ್ನೊಬ್ಬ ಸಿಸ್ಟರ್ ಪಕ್ಕದಲ್ಲಿ ಕೂತು ಮಗುವಿನ ಎದೆಬಡಿತ ಕೇಳುವ ಉಪಕರಣವನ್ನು ಕೈಯಲ್ಲೇ ಹಿಡಿದುಕೊಂಡರು. ನಾನು ಬಗ್ಗಿದರೆ ಹೊಟ್ಟೆಯ ಮೇಲಿನ ಬೆಲ್ಟ್ ಜಾರಿ ಎದೆಬಡಿತ ಕೇಳಿಸದೆ ಹೋಗುತ್ತಿತ್ತು. ಇಷ್ಟು ಜನರ ಕೈ ಇಲ್ಲದೆ ಆ ಕೂರುವಿಕೆ ನನ್ನಿಂದ ಆಗುತ್ತಿರಲಿಲ್ಲ. "ಅಲುಗಾಡಬೇಡಿ" ಅಂತ ಗದರಿ ಸುಮ್ಮನಿದ್ದುಬಿಟ್ಟರೆ ಯಾವ ತೂಕದ ಹೆಂಗಸೂ ಆ ನೋವಿನಲ್ಲಿ ನೆಟ್ಟಗೆ ಕೂರಲಾರಳು.

ಮೇಡಂ ಮೊದಲು ಅಲ್ಟ್ರಾಸೌಂಡ್ ಮೆಷಿನ್ ತರಿಸಿದರು. ಹೊಟ್ಟೆಗೆ ಸ್ಕ್ಯಾನ್ ಮಾಡುತ್ತಾರಲ್ಲ, ಅದೇ ಥರದ್ದನ್ನು ಬೆನ್ನಿಗೆ ಇಟ್ಟು ನೋಡಿದರು. ನಡುಗೆರೆ ಎಲ್ಲಿದೆ, ಸಂದಿ ಎಲ್ಲಿದೆ, ಎಷ್ಟು ಆಳ ಅಂತ ಅದರಲ್ಲಿ ಗೊತ್ತಾಗುತ್ತದೆ. ಪೆನ್ನಿನಲ್ಲಿ ಗುರುತು ಹಾಕಿದರು. ಆಮೇಲೆ ಬೆವರು ಒರೆಸಿ, ಔಷಧಿಯಿಂದ ಒರೆಸಿ, ಅದು ಒಣಗುವ ತನಕ ಕಾದರು. ತಣ್ಣಗೆ ಕೊರೆಯಿತು.

ಮರಗಟ್ಟಿಸುವ ಚಿಕ್ಕ ಇಂಜೆಕ್ಷನ್ ಚುರ್ ಅಂದಿತು. ಅದಾದ ಮೇಲೆ ದೊಡ್ಡ ಸೂಜಿ ನೋಯಲಿಲ್ಲ, ಯಾರೋ ಹೆಬ್ಬೆರಳಿಂದ ಒತ್ತಿದ ಹಾಗೆ ಮಾತ್ರ. "ಎಡಕ್ಕೆ ಅನ್ನಿಸ್ತಿದೆಯಾ, ಬಲಕ್ಕಾ, ನಡುವೆನಾ? ನೀನೇ ಹೇಳಮ್ಮ" ಅಂದರು ಮೇಡಂ. ನನಗೆ ಆಶ್ಚರ್ಯ. ಕೈಗೆ ಮೂಳೆ ಸಿಗದ ಬೆನ್ನಿನಲ್ಲಿ, ಒಳಗಿನಿಂದ ದಾರಿ ಹೇಳಬಲ್ಲವಳು ನಾನೊಬ್ಬಳೇ. "ಬಲಕ್ಕೆ" ಅಂದೆ. ಸೂಜಿ ಸ್ವಲ್ಪ ಹಿಂದಕ್ಕೆ ತೆಗೆದು ದಿಕ್ಕು ತಿರುಗಿಸಿದರು. ಆಗ ನೋವು ಬಂತು. ಬರುತ್ತಿದೆ ಅಂತ ಹೇಳಿದೆ, ಅವರು ಕೈ ನಿಲ್ಲಿಸಿದರು. ಸಿಸ್ಟರ್ ಕಿವಿಯ ಹತ್ತಿರ ಉಸಿರು ಎಣಿಸುತ್ತಾ ಹೋದರು. ನೋವು ಇಳಿದ ಮೇಲೆ ನಾನೇ "ಈಗ ಆಗುತ್ತೆ" ಅಂದೆ. "ಈಗ ನಡುವೆ" ಅಂತಲೂ ಹೇಳಿದೆ.

ಅವರು ಸೂಜಿಗೆ ಉಪ್ಪುನೀರಿನ ಸಿರಿಂಜ್ ಸೇರಿಸಿ ಒತ್ತುತ್ತಾ ಒಳಕ್ಕೆ ಹೋಗುತ್ತಿದ್ದರು. ಸೂಜಿ ಗಟ್ಟಿ ಪೊರೆಯೊಳಗೆ ಇರುವ ತನಕ ಸಿರಿಂಜ್ ಒತ್ತಲು ಬಿಡುವುದಿಲ್ಲ. ಪೊರೆ ದಾಟಿ ಸರಿಯಾದ ಜಾಗ ತಲುಪಿದ ಕ್ಷಣ ನೀರು ಸಲೀಸಾಗಿ ಹೋಗುತ್ತದೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. "ಸಿಕ್ತು" ಅಂದರು. ಸಿಕ್ಕಿದ್ದು ಏಳೂವರೆ ಸೆಂಟಿಮೀಟರ್ ಆಳದಲ್ಲಿ. ತೆಳ್ಳಗಿರುವವರಿಗೆ ನಾಲ್ಕೈದಕ್ಕೇ ಸಿಗುತ್ತದೆ. ಉದ್ದದ ಸೂಜಿ ಪಕ್ಕದಲ್ಲೇ ಇತ್ತು, ಬೇಕಾಗಲಿಲ್ಲ.

ಇನ್ನು ಮುಂದಿನದು ಎಲ್ಲರೂ ತಿಳಿದಿರಬೇಕಾದ ವಿಷಯ. ಸೂಜಿಯ ಒಳಗಿಂದ ಸಣ್ಣ ನಳಿಕೆ ತೂರಿಸಿ, ಸೂಜಿ ತೆಗೆದರು. ತಕ್ಷಣ ಪ್ಲಾಸ್ಟರ್ ಅಂಟಿಸಲಿಲ್ಲ. ನಳಿಕೆಯನ್ನು ಬೆರಳಲ್ಲಿ ಹಗುರವಾಗಿ ಹಿಡಿದುಕೊಂಡು, "ಈಗ ನೆಟ್ಟಗೆ ಕೂತ್ಕೊ, ನಿಧಾನ ಎಡಕ್ಕೆ ಮಲಗು" ಅಂದರು. ನಾನು ಬೆನ್ನು ನೆಟ್ಟಗೆ ಮಾಡಿ ಮಲಗುವಾಗ ನಳಿಕೆ ತಾನಾಗಿ ಒಳಕ್ಕೆ ಸರಿಯಿತಂತೆ, ಹೊರಗೆ ಕಾಣುತ್ತಿದ್ದ ಗುರುತುಗಳು ಮರೆಯಾದವು. ಕೊಬ್ಬು ಜಾಸ್ತಿ ಇರುವ ಬೆನ್ನು ಬಗ್ಗಿದಾಗ ಒಂದು ದಪ್ಪ, ಮಲಗಿದಾಗ ಇನ್ನೊಂದು ದಪ್ಪ. ಬಗ್ಗಿದಾಗಲೇ ಅಂಟಿಸಿಬಿಟ್ಟಿದ್ದರೆ, ಮಲಗಿದ ಮೇಲೆ ಚರ್ಮದ ಜೊತೆ ನಳಿಕೆಯೂ ಹೊರಕ್ಕೆ ಎಳೆದುಕೊಂಡು ಬಂದಿರುತ್ತಿತ್ತು. ಆಮೇಲೆ ಔಷಧಿ ಎಷ್ಟು ಬಿಟ್ಟರೂ ನೋವು ಹೋಗುವುದಿಲ್ಲ. "ಇವರಿಗೆ ಎಪಿಡ್ಯೂರಲ್ ಹತ್ತಲ್ಲ" ಅನ್ನುವ ಹೆಸರು ಮಾತ್ರ ನಮಗೆ ಉಳಿಯುತ್ತದೆ. ಮಲಗಿದ ಮೇಲೆ ಬೆನ್ನು ಮತ್ತೆ ಒರೆಸಿ, ಒಣಗಿಸಿ, ಅಗಲವಾದ ಪ್ಲಾಸ್ಟರ್ ಹಾಕಿ, ನಳಿಕೆಯನ್ನು ಭುಜದ ತನಕ ತಂದು ಅಂಟಿಸಿದರು.

ಮೊದಲು ಸ್ವಲ್ಪ ಔಷಧಿ ಬಿಟ್ಟು, ಕಿವಿಯಲ್ಲಿ ಗುಂಯ್ ಅನ್ನುತ್ತಾ, ನಾಲಿಗೆಗೆ ಕಬ್ಬಿಣದ ರುಚಿ ಬರುತ್ತಾ, ಎದೆ ಹೊಡೆದುಕೊಳ್ಳುತ್ತಾ, ಕಾಲು ಒಮ್ಮೆಗೇ ಭಾರವಾಯಿತಾ ಅಂತ ಕೇಳಿದರು. ನಳಿಕೆ ರಕ್ತನಾಳಕ್ಕೋ, ಇನ್ನೂ ಒಳಗೆ ನರಗಳ ಸುತ್ತ ಇರುವ ನೀರಿಗೋ ಹೋಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಆಮೇಲೆ ಪಂಪಿನಲ್ಲಿ ಔಷಧಿ. ಐದೈದು ನಿಮಿಷಕ್ಕೆ ಬಿಪಿ. ನಿಧಾನಕ್ಕೆ ಕಾಲು ಬೆಚ್ಚಗಾಯಿತು, ಜೋಮು ಹಿಡಿಯಿತು. ಹೊಟ್ಟೆ ಗಟ್ಟಿಯಾಗುವುದು ಗೊತ್ತಾಗುತ್ತಿತ್ತು, ಪ್ರಾಣ ಹೋಗುವಂಥ ನೋವು ಇರಲಿಲ್ಲ. ಅಮ್ಮ ಒಳಗೆ ಬಂದು ನನ್ನ ಮುಖ ನೋಡಿ, ಮಾತಾಡದೆ ತಲೆ ಸವರಿದಳು.

ಬಲಗಡೆ ಕಿಬ್ಬೊಟ್ಟೆಯಲ್ಲಿ ಮಾತ್ರ ಒಂದು ಕಡೆ ನೋವು ಉಳಿದುಕೊಂಡಿತು. ಸುಮ್ಮನಿರದೆ ಹೇಳಿದೆ. ಮೇಡಂ ಸ್ಪಿರಿಟ್ ಹತ್ತಿ ಎರಡೂ ಕಡೆ ತಾಗಿಸಿ ಎಲ್ಲಿ ತಣ್ಣಗೆ ಅನ್ನಿಸುತ್ತದೆ ಅಂತ ನೋಡಿದರು. ನಳಿಕೆಯನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ತೆಗೆದು, ಬಲಕ್ಕೆ ಮಲಗಿಸಿ, ಇನ್ನಷ್ಟು ಔಷಧಿ ಕೊಟ್ಟರು. ಅದೂ ಹೋಯಿತು. ಆಮೇಲೆ ಆ ಕಡೆ ಈ ಕಡೆ ಬದಲಾಯಿಸುತ್ತಾ ಮಲಗಿದೆ, ತಲೆದೆಸೆ ಎತ್ತರಿಸಿದ್ದರು. ಅಂಗಾತ ಮಲಗಲು ಬಿಡಲೇ ಇಲ್ಲ. ಹಾಗೆ ಮಲಗಿದರೆ ಗರ್ಭದ ಭಾರ ಬೆನ್ನ ಕಡೆಯ ದೊಡ್ಡ ರಕ್ತನಾಳದ ಮೇಲೆ ಬಿದ್ದು ಬಿಪಿ ಇಳಿಯುತ್ತದೆ, ಮಗುವಿಗೂ ರಕ್ತ ಕಮ್ಮಿಯಾಗುತ್ತದೆ. ಪರೀಕ್ಷೆಗೆ ಅಂಗಾತ ಆಗಬೇಕಾದಾಗ ಬಲ ಸೊಂಟದ ಕೆಳಗೆ ದಿಂಬು ಕೊಡುತ್ತಿದ್ದರು.

ಬೆಳಗಾಗುವ ಹೊತ್ತಿಗೆ ಮಗಳು ಹುಟ್ಟಿದಳು. ಮಗುವನ್ನು ಹೊರಕ್ಕೆ ತಳ್ಳುವುದಕ್ಕೆ ಸ್ವಲ್ಪ ಜಾಸ್ತಿ ಹೊತ್ತಾಯಿತು. ಯಾವಾಗ ತಳ್ಳಬೇಕು ಅಂತ ಸಿಸ್ಟರ್ ಹೊಟ್ಟೆ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ಸಿಸೇರಿಯನ್ ಬೇಕಾಗಲಿಲ್ಲ.

ನಳಿಕೆ ತೆಗೆಯುವಾಗ ಮತ್ತೆ ಹಾಗೇ ಬೆನ್ನು ಉಬ್ಬಿಸಿ ಕೂರಿಸಿದರು. ಎಳೆದದ್ದೇ ಗೊತ್ತಾಗಲಿಲ್ಲ. ತುದಿ ಪೂರ್ತಿ ಬಂದಿದೆಯಾ ಅಂತ ಸಿಸ್ಟರ್ ಬೆಳಕಿಗೆ ಹಿಡಿದು ನೋಡಿ ಫೈಲಿನಲ್ಲಿ ಬರೆದರು. ಚುಚ್ಚಿದ ಜಾಗ ಕೆಲವು ದಿನ ಮುಟ್ಟಿದರೆ ನೋಯುತ್ತಿತ್ತು. ತಲೆನೋವು ಬರಲಿಲ್ಲ.

ಡಿಸ್ಚಾರ್ಜ್ ದಿನ ಮೇಡಂ ಒಂದು ಚೀಟಿ ಕೊಟ್ಟರು. ಯಾವ ಸಂದಿಯಲ್ಲಿ ಸೂಜಿ ಹಾಕಿದ್ದು, ಎಷ್ಟು ಆಳದಲ್ಲಿ ಸಿಕ್ಕಿದ್ದು, ಕೂತ ಭಂಗಿ, ಅಲ್ಟ್ರಾಸೌಂಡ್ ಬಳಸಿದ್ದು, ಮಲಗಿಸಿದ ಮೇಲೆ ಪ್ಲಾಸ್ಟರ್ ಹಾಕಿದ್ದು, ಎಲ್ಲ ಅದರಲ್ಲಿದೆ. "ಮುಂದೆ ಯಾವ ಆಪರೇಷನ್‌ಗೆ ಹೋದರೂ ಇದನ್ನ ತೋರಿಸು" ಅಂದರು. ತೂಕ ಇರುವ ಪ್ರತಿ ಹೆಂಗಸೂ ಇಂಥ ಚೀಟಿ ಕೇಳಿ ಬರೆಸಿಕೊಳ್ಳಬೇಕು, ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ಆಫೀಸಿನ ಒಬ್ಬರ ತಂಗಿಗೆ ಈಗ ಏಳನೇ ತಿಂಗಳು, ನನಗಿಂತ ತೂಕ ಜಾಸ್ತಿ. ಅವಳಿಗೆ ಇದರ ಫೋಟೋ ಕಳಿಸಿದ್ದೇನೆ, ಅನಸ್ತೇಷಿಯಾ ಡಾಕ್ಟರನ್ನು ಈಗಲೇ ನೋಡು ಅಂತ ಹೇಳಿದ್ದೇನೆ. ಭಾನುವಾರ ಮನೆಗೆ ಬರುತ್ತಾಳೆ, ಮಣೆ ಮೇಲೆ ಕಾಲಿಟ್ಟು ಕೂರುವುದನ್ನು ತೋರಿಸಬೇಕು.